ಹಕಾರದ ಹಾಹಾಕಾರ

ಶುಕ್ರವಾರ ಬೆಳಗ್ಗೆ ಇಡ್ಲಿ ತಟ್ಟೆಯ ಮುಂದೆ ಕೂತು ಶಿವರಾಮ್ ಘೋಷಿಸಿಯೇಬಿಟ್ಟ.

"ಈ ಸಲ ಇಂಚರಾಳ ಕನ್ನಡ ಟೆಸ್ಟಿಗೆ ನಾನೇ ಓದಿಸ್ತೀನಿ. ಇಪ್ಪತ್ತೈದಕ್ಕೆ ಇಪ್ಪತ್ತೈದು! ಒಂದು ಮಾರ್ಕ್ಸ್ ಕಮ್ಮಿ ಬಂದ್ರೂ ನನ್ನ ಎಸರು ಶಿವರಾಮ್ ಅಲ್ಲ!"

"ಈಗಲೂ ನಿಮ್ಮ ಎಸರು ಶಿವರಾಮ್ ಅಲ್ಲ ರೀ," ಎಂದಳು ಹೆಂಡತಿ ಶಾಲಿನಿ. "ಎಸರು ಅಂದ್ರೆ ಅನ್ನಕ್ಕೆ ಇಡೋ ನೀರು. ನಿಮ್ದು ಹೆಸರು."

ಶಿವರಾಮನದು ಇಟ್ಟಮಡುವಿನ ಹಳೇ ಮನೆತನ. ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲೀಗ ಮೂರಂತಸ್ತಿನ ಮನೆ, ಕೆಳಗೆ ಟೈಲ್ಸ್ ಅಂಗಡಿ. ಆ ಮನೆತನದಲ್ಲಿ ಎಲ್ಲವೂ ಇತ್ತು, 'ಹ' ಅಕ್ಷರವೊಂದನ್ನು ಬಿಟ್ಟು. ಜಯನಗರದಲ್ಲಿ ಬೆಳೆದ ಶಾಲಿನಿ ಮದುವೆಯಾಗಿ ಬರುವಾಗ ತನ್ನ ಜೊತೆ ಅದನ್ನು ತಂದಿದ್ದಳು. ಹನ್ನೊಂದು ವರ್ಷವಾದರೂ ಅದನ್ನು ಅವಳೊಬ್ಬಳೇ ಬಳಸುತ್ತಿದ್ದಳು.

ಆದರೆ ವಿಷಯ ನಗುವಂಥದ್ದಾಗಿರಲಿಲ್ಲ. ಮೂರನೇ ಕ್ಲಾಸಿನ ಮಗಳು ಇಂಚರಾಗೆ ಹೋದ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಒಂಬತ್ತು ಬಂದಿತ್ತು. ಅಂದಿನಿಂದ ಕನ್ನಡ ಪುಸ್ತಕ ತೆರೆದರೆ ಸಾಕು, ಮಗು ಹೊಟ್ಟೆ ಹಿಡಿದುಕೊಂಡು "ನೋಯ್ತಿದೆ" ಎನ್ನುತ್ತಿತ್ತು. ಶಾಲಿನಿ ಪಾಠಕ್ಕೆ ಕೂತರಂತೂ ಅವಳ ದನಿ ಕತ್ರಿಗುಪ್ಪೆ ಸಿಗ್ನಲ್ಲಿನವರೆಗೂ ಕೇಳಿ, ಕೆಂಪು ದೀಪ ಗಾಬರಿಯಿಂದ ಹಸಿರಾಗುತ್ತಿತ್ತು!

"ನೀನು ಕಿರುಚ್ತೀಯ, ಮಗು ಎದುರ್ಕೊಳ್ತದೆ. ಪ್ರೀತಿಯಿಂದ ಏಳ್ಕೊಟ್ರೆ ಕಲ್ಲಿಗೂ ಕನ್ನಡ ಬರ್ತದೆ," ಎಂದ ಶಿವರಾಮ್.

ಬ್ಯಾಂಕಿನ ಟ್ರೈನಿಂಗಿಗೆಂದು ಎರಡು ದಿನ ಮೈಸೂರಿಗೆ ಹೊರಟಿದ್ದ ಶಾಲಿನಿಗೆ ಬೇರೆ ದಾರಿಯಿರಲಿಲ್ಲ. "ಸೋಮವಾರ ಟೆಸ್ಟು. ಉಕ್ತಲೇಖನ ಮುಖ್ಯ. ದೇವರು ದೊಡ್ಡವನು," ಎಂದು ಹೇಳಿ ಬ್ಯಾಗ್ ಎತ್ತಿಕೊಂಡಳು.

ಶನಿವಾರ ಮಧ್ಯಾಹ್ನ ಅಂಗಡಿಯನ್ನು ಭಾವಮೈದುನನಿಗೆ ಒಪ್ಪಿಸಿ, ಫ್ಯಾನಿನ ಕೆಳಗೆ ಗುರುಪೀಠದಂತೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಶಿವರಾಮ್ ಆಸೀನನಾದ. ಒಂದು ಕೈಯಲ್ಲಿ ಪಠ್ಯಪುಸ್ತಕ, ಇನ್ನೊಂದರಲ್ಲಿ ಚಹಾ.

"ನಾನು ಏನು ಏಳ್ತೀನೋ ಅದನ್ನ ಅಂಗಂಗೇ ಬರಿ. ಸ್ವಂತ ಬುದ್ಧಿ ಓಡಿಸಬ್ಯಾಡ. ಮೊದಲನೇದು, ಆಲು!"

"ಆಲೂಗಡ್ಡೆನಾ ಅಪ್ಪ?"

"ಕುಡಿಯೋ ಆಲು ಕಣಮ್ಮಾ! ಮುಂದೆ, ಆವು. ಆಮೇಲೆ ಅಲ್ಲು. ಈಗ ವಾಕ್ಯ..."

ಅರ್ಧ ಗಂಟೆಯ ನಂತರ ಕೆಂಪು ಪೆನ್ನು ಹಿಡಿದು ನೋಟ್‌ಬುಕ್ ತೆರೆದು ಓದತೊಡಗಿದ. 'ಅಕ್ಕಿ ಆಕಾಶದಲ್ಲಿ ಆರಿತು.' 'ಅಸು ಉಲ್ಲು ತಿಂದಿತು.' 'ಅಳ್ಳಿಯಲ್ಲಿ ಒಲ ಇದೆ.' ಹತ್ತಕ್ಕೆ ಸೊನ್ನೆ!

"ಇದೇನ್ ಪುಟ್ಟಾ ಇದು? ಅಕ್ಕಿ ಎಂಗೆ ಆರ್ತದೆ?"

"ನಾನೂ ಅದನ್ನೇ ಯೋಚನೆ ಮಾಡ್ದೆ ಅಪ್ಪ. ಆದ್ರೆ ನೀನೇ ಬುದ್ಧಿ ಓಡಿಸಬೇಡ ಅಂದ್ಯಲ್ಲ?"

ನ್ಯಾಯಕ್ಕಾಗಿ ಶಿವರಾಮ್ ತಾಯಿಯ ಮೊರೆಹೊಕ್ಕ. ಲಕ್ಷ್ಮಿದೇವಮ್ಮ ಅಡುಗೆಮನೆಯಿಂದ ಸೊಪ್ಪಿನ ಮೊರದೊಂದಿಗೆ ಬಂದು, ಮಗನಿಂದ ಮತ್ತೊಮ್ಮೆ ಎಲ್ಲವನ್ನೂ ಓದಿಸಿಕೊಂಡು ಕೇಳಿದರು.

"ಸರ್ಯಾಗೇ ಓದ್ದಲ್ಲೋ. ಏನ್ ತಪ್ಪೈತೆ ಅದ್ರಲ್ಲಿ?"

"ಅಜ್ಜಿ, ಹಕ್ಕಿ ಬೇರೆ, ಅಕ್ಕಿ ಬೇರೆ!"

"ಊಂ ಮತ್ತೆ! ಅದನ್ನೇ ನಾನೂ ಏಳ್ತಿರಾದು. ಅಕ್ಕಿ ಬೇರೆ, ಅಕ್ಕಿ ಬೇರೆ!"

ಆಗ ಶಿವರಾಮನಿಗೆ ಜ್ಞಾನೋದಯವಾಯಿತು. ದೋಷವಿರುವುದು ಶಿಷ್ಯೆಯಲ್ಲಲ್ಲ, ವಂಶವಾಹಿನಿಯಲ್ಲಿ! ಆದರೆ ಛಲಗಾರ ಅಷ್ಟಕ್ಕೇ ಬಿಟ್ಟಾನೆಯೇ? ಕಳೆದುಹೋದ ಅಕ್ಷರವನ್ನು ಬಡ್ಡಿ ಸಮೇತ ಮರಳಿ ತರಲು ಪಣತೊಟ್ಟು ಎರಡನೇ ಸುತ್ತಿನ ಉಕ್ತಲೇಖನ ಶುರುಮಾಡಿದ. ಪದದ ಮೊದಲಲ್ಲಿ ಯಾವ ಸ್ವರ ಕಂಡರೂ ಅಲ್ಲೊಂದು 'ಹ' ಸಿಕ್ಕಿಸಿದ.

"ಹಾನೆ! ಹಿಲಿ! ಹರಸ ಹರಮನೆಯಲ್ಲಿ ಹೂಟ ಮಾಡಿದ!"

ಆ ಸುತ್ತು ಮುಗಿಯುವ ಹೊತ್ತಿಗೆ, ಇದ್ದಬದ್ದ ಕನ್ನಡವೂ ಇಂಚರಾಳ ತಲೆಯಿಂದ ಗುಳೆ ಎದ್ದಿತ್ತು. ಅವಳು ಸ್ವಂತ ವಾಕ್ಯ ಬರೆದು ಗಟ್ಟಿಯಾಗಿ ಓದಿದಳು. "ಅಜ್ಜಿ ಹಕ್ಕಿಯನ್ನು ತೊಳೆದು ಕುಕ್ಕರಿನಲ್ಲಿ ಇಟ್ಟರು."

"ಸಿವ್ನೇ! ಸನಿವಾರ ನಾನ್ಯಾಕೆ ಅದ್ನೆಲ್ಲಾ ಮಾಡ್ಲಿ?" ಎಂದು ಲಕ್ಷ್ಮಿದೇವಮ್ಮ ಕೆನ್ನೆ ಬಡಿದುಕೊಂಡರು.

ಇಂಚರಾಗೆ ನಗು ಬರಲಿಲ್ಲ. ಪೆನ್ಸಿಲ್ ಕೆಳಗಿಟ್ಟು ಮೆಲ್ಲಗೆ, "ಅಪ್ಪ, ಹೊಟ್ಟೆ ನೋವು," ಎಂದಳು.

ಶಿವರಾಮನ ಉತ್ಸಾಹವೆಲ್ಲ ಜರ್ರನೆ ಇಳಿಯಿತು. ತಾನು ಕಿರುಚಿರಲಿಲ್ಲ, ಬಡಿದಿರಲಿಲ್ಲ, ಆದರೂ ಮಗುವಿನ ಮುಖ ಬಾಡಿತ್ತು. ಗುರುಪೀಠದಿಂದಿಳಿದು ನೆಲದ ಮೇಲೆ ಅವಳ ಪಕ್ಕ ಕೂತ.

"ಪುಟ್ಟಾ, ನಿಜ ಏಳ್ತೀನಿ. ನಂಗೇ ಬರಲ್ಲ. ಅದು ಎಲ್ಲಿ ಆಕಬೇಕು, ಎಲ್ಲಿ ಆಕಬಾರ್ದು ಅಂತ ನಿಂಗೆಂಗೆ ಗೊತ್ತಾಗ್ತದೆ?"

ಇಂಚರಾ ಕಣ್ಣರಳಿಸಿ ಅಪ್ಪನನ್ನು ನೋಡಿದಳು. ಮಿಸ್‌ಗೆ ಬರದ್ದಿಲ್ಲ, ಅಮ್ಮನಿಗೆ ಬರದ್ದಿಲ್ಲ. ತನಗೆ ಬಂದು, ದೊಡ್ಡವರಿಗೆ ಬಾರದ ಸಂಗತಿಯೊಂದು ಈ ಭೂಮಿಯ ಮೇಲಿದೆಯೇ!

"ಬಾಯಿ ಮುಂದೆ ಕೈ ಇಟ್ಕೊ ಅಪ್ಪ. ಗಾಳಿ ಬಡಿದ್ರೆ ಹ. ಬಡೀಲಿಲ್ಲ ಅಂದ್ರೆ ಅ. ಹೇಳು, ಹಾಲು."

"ಆಲು," ಎಂದಿತು ರೂಢಿಬಿದ್ದ ನಾಲಿಗೆ.

"ಗಾಳಿ ಬಂತಾ?"

"ಇಲ್ಲ."

"ಅಪ್ಪಾ, ನೀನು ಪಂಕ್ಚರ್!" ಎಂದು ಅವಳು ಕಿಲಕಿಲ ನಕ್ಕಳು. ಹೊಟ್ಟೆನೋವು ಎತ್ತ ಹೋಯಿತೋ ಯಾರಿಗೂ ಗೊತ್ತಾಗಲಿಲ್ಲ.

ಅಲ್ಲಿಂದ ಗುರುಪೀಠ ಕೈಬದಲಾಯಿತು. ಭಾನುವಾರ ಸಂಜೆ ಐದಕ್ಕೆ, ಗಾಳಿ ಚೆನ್ನಾಗಿ ಬರಲೆಂದು ತರಗತಿಯನ್ನು ತಾರಸಿಗೆ ಸಾಗಿಸಲಾಯಿತು. ಮುದ್ದೆ ಕೋಲು ಹಿಡಿದು ಇಂಚರಾ ನಿಂತಳು. ಎದುರಿಗೆ ಅಪ್ಪ, ಅಜ್ಜಿ.

"ಜೋರಾಗಿ! ಹ! ಹಾ! ಹಿ! ಹೀ!"

"ಹ! ಹಾ! ಹಿ! ಹೀ!"

ಮೊದಲನೇ ಮಹಡಿಯ ಬಾಡಿಗೆದಾರ, ರಿಟೈರ್ಡ್ ಬಸ್ ಕಂಡಕ್ಟರ್ ಗಂಗಯ್ಯ ಮೆಟ್ಟಿಲು ಹತ್ತಿ ಬಂದರು.

"ಲಾಫಿಂಗ್ ಕ್ಲಬ್ಬಾ ಸಾರ್? ನಮ್ಗೊಂದ್ ಮಾತು ತಿಳಿಸ್ಬಾರ್ದಾ? ಬಿಪಿಗೆ ಡಾಕ್ಟ್ರು ದಿನಾ ನಗು ಅಂದವ್ರೆ, ಮನೇಲಿ ಅಂಥದ್ದೇನೂ ನಡೀತಿಲ್ಲ!"

ಶಿವರಾಮ್ ವಿವರಿಸುವ ಮೊದಲೇ ಅವರು ಸಾಲಿನಲ್ಲಿ ನಿಂತು 'ಹೋ! ಹೌ!' ಎಂದು ಬಸ್ ನಿಲ್ಲಿಸುವ ದನಿಯಲ್ಲಿ ಹೋಲ್ಡಾನ್ ಕೊಟ್ಟರು. ಆ ದನಿಗೆ ಎದುರು ಮನೆಯ ಲತಾಮಣಿ ಆಂಟಿ ವಾಕಿಂಗ್ ಶೂ ಸಮೇತ ಓಡಿ ಬಂದರು. ಬಂದವರು ಸುಮ್ಮನಿರಲಿಲ್ಲ. 'ಶಿವರಾಮಣ್ಣನ ಟೆರೇಸಲ್ಲಿ ಫ್ರೀ ನಗೆಕೂಟ, ಬೇಗ ಬನ್ನಿ' ಎಂದು ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿಯೂಬಿಟ್ಟರು. ಹತ್ತೇ ನಿಮಿಷದಲ್ಲಿ ಹದಿನಾಲ್ಕು ಜನ! ಹಗ್ಗದ ಮೇಲಿನ ಬಟ್ಟೆ ಸರಿಸಿ ಜಾಗ ಮಾಡಬೇಕಾಯಿತು. "ಅಂಗೈ ಮೇಲೆ ಗಾಳಿ ಬರ್ಬೇಕು ಆಂಟಿ!" ಎಂದು ಇಂಚರಾ ಒಬ್ಬೊಬ್ಬರ ಮುಂದೆಯೂ ನಿಂತು ತಪಾಸಣೆ ಮಾಡುತ್ತಿದ್ದಳು. ಗಂಗಯ್ಯನವರ ಗಾಳಿಗಂತೂ ಹಗ್ಗದ ಮೇಲಿನ ಕರ್ಚೀಫ್ ಹಾರಿ ಪಕ್ಕದ ಸೈಟಿಗೆ ಬಿತ್ತು.

ಅಷ್ಟರಲ್ಲಿ ಶಾಲಿನಿ ಮೈಸೂರಿನಿಂದ ಬಂದು ಆಟೋ ಇಳಿದಳು. ಗಲ್ಲಿಯ ತುದಿಗೇ ಹಾಹಾಕಾರ ಕೇಳಿಸಿ, ಮನೆಯಲ್ಲಿ ಏನೋ ಅನಾಹುತವಾಗಿದೆಯೆಂದು ಬ್ಯಾಗನ್ನು ಗೇಟಿನಲ್ಲೇ ಎಸೆದು, ಮೂರು ಮಹಡಿ ಓಡುತ್ತಾ ಹತ್ತಿದಳು.

"ರೀ! ನಾಳೆ ಬೆಳಗ್ಗೆ ಟೆಸ್ಟು! ಏನ್ರೀ ಇದು ಜಾತ್ರೆ?"

ಶಿವರಾಮ್ ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ಹಣೆಯ ಬೆವರು ಒರೆಸಿಕೊಳ್ಳದೆ, ಒಂದೊಂದೇ ಅಕ್ಷರ ಬಿಡಿಸಿ ನುಡಿದ.

"ಹೆ-ದರ-ಬೇಡ ಶಾಲಿನಿ. ಎಲ್ಲಾ ಹೇ-ಳ್ತೀನಿ."

ಮದುವೆಯಾದ ಮೇಲೆ ಗಂಡನ ಬಾಯಿಂದ ಶಾಲಿನಿ ಕೇಳಿದ ಮೊದಲ ಎರಡು ಹಕಾರಗಳವು! ಬೈಗುಳವೆಲ್ಲ ಗಂಟಲಲ್ಲೇ ಉಳಿದು, ನಗು ಮಾತ್ರ ಒಡ್ಡು ಒಡೆದು ಬಂತು. ಅವಳು ನಕ್ಕ ನಗೆಗೆ ಲತಾಮಣಿ ಆಂಟಿ ಚಪ್ಪಾಳೆ ತಟ್ಟಿ, "ನೋಡ್ರಿ, ಇದು ನ್ಯಾಚುರಲ್! ಎಲ್ರೂ ಹೀಗೇ ನಗ್ಬೇಕು!" ಎಂದರು.

ಬುಧವಾರ ಪೇಪರ್ ಬಂತು. ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು! ಹೋದ ಒಂದು ಮಾರ್ಕ್ಸು 'ಹಾನೆ'ಯದು.

"ಮನೇಲಿ ಯಾರು ಹೇಳಿಕೊಟ್ರು ಅಂತ ಮಿಸ್ ಕೇಳಿದ್ರು," ಎಂದಳು ಇಂಚರಾ.

ಶಿವರಾಮ್ ಕಾಲರ್ ಸರಿಮಾಡಿಕೊಂಡ. "ಏನಂದೆ?"

"ನಂಗ್ಯಾರೂ ಹೇಳಿಕೊಡ್ಲಿಲ್ಲ ಮಿಸ್, ನಾನೇ ನಮ್ಮಪ್ಪಂಗೆ ಹೇಳಿಕೊಟ್ಟೆ ಅಂದೆ. ಈಗ ನಿನ್ನ ಟೆಸ್ಟು. ಕೂತ್ಕೊ."

ಉಕ್ತಲೇಖನ ಆರಂಭವಾಯಿತು. ಗುರುಗಳು ಕೇಡಿಗರು! ಬೇಕೆಂದೇ ಅಪ್ಪನ ಶೈಲಿಯಲ್ಲೇ ಪದ ಕೊಟ್ಟರು.

"ಒಂದು, ಅಲ್ಲಿ. ಎರಡು, ಉಳಿ. ಮೂರು, ಅರಳು."

"ಯಾವ ಅಲ್ಲಿ ಪುಟ್ಟಾ? ಅಲ್ಲಿ ಇಲ್ಲಿ ಅಂತೀವಲ್ಲ ಅದಾ, ಗೋಡೆ ಮೇಲೆ ಲೊಚಗುಟ್ತದಲ್ಲ ಅದಾ?"

"ಟೆಸ್ಟಲ್ಲಿ ಮಾತಾಡ್ಬಾರ್ದು!"

ಇಪ್ಪತ್ತೈದು ಪದ ಮುಗಿದವು. ಇಂಚರಾ ಕೆಂಪು ಪೆನ್ನಿನಿಂದ ಗೀಚಿ, ಸುತ್ತು ಹಾಕಿ, ಹಾಳೆಯನ್ನು ಅಪ್ಪನ ಕೈಗಿತ್ತಳು. ಏಳು! ಕೆಳಗೊಂದು ಷರಾ ಬೇರೆ: 'ಪೋಷಕರ ಸಹಿ ಕಡ್ಡಾಯ.'

ನಲವತ್ತೊಂದರ ಪ್ರಾಯದ, ಒಂದು ಟೈಲ್ಸ್ ಅಂಗಡಿಯ, ಮೂರಂತಸ್ತಿನ ಮನೆಯ ಒಡೆಯ, ಸೊಪ್ಪು ಬಿಡಿಸುತ್ತಿದ್ದ ತಾಯಿಯ ಮುಂದೆ ನೆಲದ ಮೇಲೆ ಕೂತು ತಲೆ ತಗ್ಗಿಸಿ ಹಾಳೆ ಚಾಚಿದ. ಲಕ್ಷ್ಮಿದೇವಮ್ಮ ಕನ್ನಡಕ ಏರಿಸಿ ನೋಡಿದರು. ತಾರಸಿಯ ತರಬೇತಿ ಅವರ ನಾಲಿಗೆಗೆ ಒಂದಿಷ್ಟೂ ತಾಗಿರಲಿಲ್ಲ.

"ಏಳಾ? ಇಪ್ಪತ್ತೈದಕ್ಕೆ ಏಳು ತಗೊಂಡು, ಸೈನ್ ಆಕು ಅಂತ ಏಳಾಕೆ ಬೇರೆ ಬಂದಿದ್ದೀಯಾ? ಏಳೋ ಮೇಲೆ! ಓಗಿ ಓದ್ಕೊ!"