ಹುಳುಮನೆಯಲ್ಲಿ ಮಳೆಯ ವಾಸನೆ

"ಆಂಟಿಬಯಾಟಿಕ್ ಅಂದರೆ ಬೂಷ್ಟಿನಿಂದ ತೆಗೆದ ಮದ್ದು. ಮೊದಲ ಮಳೆಗೆ ಏಳುವುದು ಮಣ್ಣಿನ ವಾಸನೆ." ನಮ್ಮ ಹೊಂಗನೂರಿನ ಕಡೆ ಈ ಎರಡು ಮಾತುಗಳನ್ನು ಯಾರೂ ಪ್ರಶ್ನಿಸುವುದಿಲ್ಲ. ನಾನು ಪ್ರಶ್ನಿಸುತ್ತೇನೆ. ಎಸ್ಸೆಸ್ಸೆಲ್ಸಿಯನ್ನು ಎರಡು ಸಲ ಬರೆದೂ ಪಾಸಾಗದ ನಾನು, ಆಮೇಲಿನ ಐವತ್ತು ವರ್ಷ ಸ್ವಂತವಾಗಿ ಓದಿ ತಿಳಿದದ್ದು ಇಷ್ಟು: ಮಣ್ಣಿನಲ್ಲಿ ದಾರದ ಎಳೆಯಂತೆ ಕವಲೊಡೆದು ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾಗಳಿವೆ. ನೋಡಲು ಬೂಷ್ಟಿನಂತಿದ್ದರೂ ಬೂಷ್ಟಲ್ಲ. ಕ್ಷಯಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಅವುಗಳ ಕೊಡುಗೆ. ಮಳೆಯ ವಾಸನೆಯಲ್ಲಿ ದೊಡ್ಡ ಪಾಲೂ ಅವುಗಳದ್ದೇ.

ಇದನ್ನು ಕೇಳಿ ಪಕ್ಕದ ಮನೆಯ ಲಿಂಗೇಗೌಡ, ಎರಡು ಸಲವೂ ನನ್ನ ಜೊತೆಯಲ್ಲೇ ಫೇಲಾದವನು, ಹೊಟ್ಟೆ ಹಿಡಿದುಕೊಂಡು ನಕ್ಕ.

"ಲೇ ತಿಮ್ಮ, ಮಣ್ಣಿನ ವಾಸ್ನೆ ಮಣ್ಣಿಂದಲ್ದೆ ನಿಮ್ಮಪ್ಪನ ಮನೆಯಿಂದ ಬತ್ತದೇನ್ಲಾ? ಎಲ್ಲಿ, ಒಸಿ ತೋರ್ಸು ನೋಡವ!"

ತೋರಿಸುವುದೆಂದು ನಿಶ್ಚಯಿಸಿದೆ.

ತಿಪ್ಪೆಯ ಪಕ್ಕದ ಮಣ್ಣನ್ನು ಬಿಸಿಲಿಗೆ ಒಣಗಿಸಿದೆ. ಗಂಜಿ ಹೆಪ್ಪುಗಟ್ಟಲೆಂದು ಚೈನಾ ಗ್ರಾಸ್ ಬೆರೆಸಿ, ಕುಕ್ಕರಿನಲ್ಲಿ ಬೇಯಿಸಿ, ಒಂಬತ್ತು ಊಟದ ತಟ್ಟೆಗಳಿಗೆ ಸುರಿದೆ. ಅದು ಗಟ್ಟಿಯಾದ ಮೇಲೆ ಮಣ್ಣು ಕದಡಿದ ನೀರನ್ನು ಸವರಿ, ಮೇಲೊಂದು ತಟ್ಟೆ ಮುಚ್ಚಿದೆ. ಇನ್ನು ಬೇಕಾದದ್ದು ಹದವಾದ ಬಿಸುಪು, ಒಂದಿಷ್ಟು ತೇವ, ನೊಣ ಬಾರದ ಜಾಗ. ನಮ್ಮ ಮನೆಯಲ್ಲಿ ಇಂಥ ಸೌಲಭ್ಯ ಇರುವುದು ರೇಷ್ಮೆಹುಳುಗಳಿಗೆ ಮಾತ್ರ. ನನ್ನ ಕೋಣೆಯ ಫ್ಯಾನು ತಿರುಗುವುದೂ ಇಲ್ಲ!

ಹುಳುಮನೆ ನನ್ನ ಹೆಂಡತಿ ಪುಟ್ಟತಾಯಮ್ಮನ ಸಾಮ್ರಾಜ್ಯ. ಹಿಂದಿನ ಬೆಳೆ ಪೂರ್ತಿ ಸಪ್ಪೆ ರೋಗಕ್ಕೆ ಹೋಗಿತ್ತು. ಈ ಸಲವೂ ಕೈಕೊಟ್ಟರೆ ಹುಳು ಸಾಕುವುದನ್ನೇ ಬಿಟ್ಟುಬಿಡುತ್ತೇನೆಂದು ಆಕೆ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ್ದಳು. ಗೋಡೆ, ನೆಲ, ಸ್ಟ್ಯಾಂಡು ಎಲ್ಲವನ್ನೂ ಮದ್ದು ಹಾಕಿ ತೊಳೆದು, ಬಾಗಿಲಲ್ಲಿ ಸುಣ್ಣದ ಪುಡಿ ಹರಡಿದ್ದಳು. ಅದನ್ನು ತುಳಿಯದೆ ಯಾರೂ ಒಳಗೆ ಹೋಗುವಂತಿಲ್ಲ. ನಾನು ನಿಯಮ ಮೀರುವವನಲ್ಲ. ಆಕೆ ತೋಟಕ್ಕೆ ಹೋದ ಹೊತ್ತಿನಲ್ಲಿ ವಿಧಿವತ್ತಾಗಿ ಸುಣ್ಣ ತುಳಿದೇ ಒಳಹೊಕ್ಕೆ. ಪಾದ ಪರಮ ಶುದ್ಧ. ಕೈಯಲ್ಲಿ ಮಾತ್ರ ತಿಪ್ಪೆ!

ಎಂಟು ದಿನ ಹುಳುಮನೆಯ ಅಟ್ಟದ ಮೇಲೆ ತಟ್ಟೆಗಳು ಸುಖವಾಗಿದ್ದವು. ಒಂಬತ್ತನೆಯ ಬೆಳಿಗ್ಗೆ ಮುಚ್ಚಳ ತೆಗೆದರೆ, ಆಹಾ! ಸೀಮೆಸುಣ್ಣದ ಪುಡಿ ಉದುರಿಸಿದಂತೆ ಬೆಳ್ಳನೆಯ ಚುಕ್ಕಿಗಳು; ಅವುಗಳಿಂದ ಅಚ್ಚ ಮಳೆಯ ವಾಸನೆ! ಒಂಬತ್ತನ್ನೂ ತೆರೆದಿಟ್ಟು, ಲಿಂಗೇಗೌಡನನ್ನು ಕರೆತರಲು ಓಡಿದೆ.

ನಾವಿಬ್ಬರೂ ಹಿಂದಿರುಗಿದಾಗ ಪುಟ್ಟತಾಯಮ್ಮ ಹಿಪ್ಪುನೇರಳೆ ತೋಟದಲ್ಲಿ ಕುಡುಗೋಲು ಹಿಡಿದು, ಏದುಸಿರು ಬಿಡುತ್ತ ಸೊಪ್ಪು ಕೊಯ್ಯುತ್ತಿದ್ದಳು.

"ಏನತ್ತಿಗೆ ಈ ಪಾಟಿ ಅವಸ್ರ?" ಎಂದ ಲಿಂಗೇಗೌಡ.

"ಮಳೆ ಬತ್ತೈತೆ ಕಣಪ್ಪ! ನೆಂದ ಸೊಪ್ಪು ಹಾಕಿದ್ರೆ ಹುಳ ಉಳಿತಾವಾ? ಹುಳುಮನೆ ಒಳಗೇ ವಾಸ್ನೆ ಗಮ್ಮಂತ ಹೊಡಿತಾ ಐತೆ!"

"ಎಲ್ಲೈತೆ ಮಳೆ? ಒಂದು ಮೋಡನಾದ್ರೂ ಐತಾ ನೋಡಿ!"

ಆಕೆ ಆಕಾಶ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನಾದರೋ ವಿಜಯೋತ್ಸಾಹದಲ್ಲಿ, "ನೋಡ್ಲಾ ಲಿಂಗ! ಮಳೆ ಇಲ್ದೆ ಮಳೆ ವಾಸ್ನೆ! ಸಾಕ್ಷಿ ಸಿಕ್ತು!" ಎಂದು ಕುಣಿದೇಬಿಟ್ಟೆ.

ಕುಡುಗೋಲು ಹಿಡಿದವರ ಮುಂದೆ ಕುಣಿಯಬಾರದು.

ಆಕೆ ವಾಸನೆಯ ಜಾಡು ಹಿಡಿದು ಹುಳುಮನೆಯ ಅಟ್ಟ ಹತ್ತಿದಳು. ಬಿಳಿ ಪುಡಿ ಕಂಡದ್ದೇ ತಡ, "ಅಯ್ಯೋ, ಸುಣ್ಣಕಟ್ಟು!" ಎಂದು ಕೂಗಿಕೊಂಡಳು. ಸುಣ್ಣಕಟ್ಟು ಹತ್ತಿದ ಹುಳು ಬಿಳಿಚಿ ಕಡ್ಡಿಯಂತೆ ಸೆಟೆದು ಸಾಯುತ್ತದೆ. ಇಡೀ ಬೆಳೆಯನ್ನೇ ಸುಡಬೇಕಾಗುತ್ತದೆ. ಇದು ಆ ರೋಗವಲ್ಲ, ಮದ್ದು ಕೊಡುವ ಸಜ್ಜನ ಜಾತಿಯೆಂದು ನಾನು ವಿವರಿಸತೊಡಗಿದೆ.

"ಮದ್ದಾ? ನನ್ ಹುಳ ಸತ್ರೆ ಆ ಮದ್ದ ನೀವೇ ಕುಡ್ಕಳಿ!"

ಆಕೆ ಹೇಳಿಕಳಿಸಿದ್ದಕ್ಕೆ ಮಧ್ಯಾಹ್ನ ರೇಷ್ಮೆ ಇಲಾಖೆಯ ಸಾಹೇಬರು ಬಂದರು. ಹುಳುಗಳನ್ನು ಅಲ್ಲಲ್ಲಿ ಹೊರಳಿಸಿ ನೋಡಿದರು. ಸದ್ಯಕ್ಕೆ ರೋಗವಿಲ್ಲ ಎಂದರು. "ಆದ್ರೆ ಯಜಮಾನ್ರೆ, ಸುಣ್ಣಕಟ್ಟಿನ ಬೀಜನೂ ಮಣ್ಣಲ್ಲೇ ಇರುತ್ತೆ. ಇದು ನಿಮ್ಮ ಪುಸ್ತಕದಲ್ಲಿ ಬರಲಿಲ್ವಾ?"

ಬಂದಿತ್ತು. ಆ ಪುಟವನ್ನು ನಾನು ನಂಬಿರಲಿಲ್ಲ.

ತಟ್ಟೆಗಳು ಬೆಂಕಿಗೆ ಹೋದವು. ಹುಳುಗಳ ಹಾಸಿಗೆಯ ಮೇಲೆಲ್ಲ ಸುಣ್ಣ ಉದುರಿತು. ಅಲ್ಲಿಂದ ಆರು ದಿನ ಆಕೆ ನನ್ನೊಡನೆ ಮಾತಾಡಲಿಲ್ಲ; ನಾನು ಬಾಳೆ ಎಲೆಯಲ್ಲಿ ಉಂಡೆ. ಏಳನೆಯ ದಿನ ಹುಳುಗಳು ಬಲಿತು ಹಣ್ಣಾಗಿ, ಚಂದ್ರಿಕೆಯೆಂಬ ಬಿದಿರಿನ ತಟ್ಟಿ ಏರಿ, ಒಂದೂ ಸೆಟೆಯದೆ ಗೂಡು ಕಟ್ಟಿದವು. ರಾಮನಗರದ ಮಾರ್ಕೆಟ್ಟಿಗೆ ಗೂಡಿನ ಚೀಲ ಹೊರುವ ಅವಕಾಶ ನನಗೇ ದೊರೆಯಿತು.

ವಾಸನೆ ಮಣ್ಣಿನದಲ್ಲ ಎಂಬುದನ್ನು ಲಿಂಗೇಗೌಡ ಈಗಲೂ ಒಪ್ಪುವುದಿಲ್ಲ. "ತಟ್ಟೆಲೂ ಮಣ್ಣೇ ತಾನೇ ಇದ್ದದ್ದು?" ಎನ್ನುತ್ತಾನೆ. ಸಾಕ್ಷಿ ಸುಟ್ಟುಹೋಗಿದೆ. ಉಳಿದಿರುವುದು ಒಂದೇ ದಾಖಲೆ. ಯಾರು ಬೇಕಾದರೂ ಬಂದು ಪರಿಶೀಲಿಸಬಹುದು. ನಮ್ಮ ಹುಳುಮನೆಯ ಬಾಗಿಲಿಗೆ ಅಂಟಿಸಿರುವ ಆ ಹಾಳೆಯಲ್ಲಿ 'ಒಳಗೆ ಬಿಡಬಾರದವು' ಎಂಬ ಪಟ್ಟಿಯಿದೆ: ಊಜಿ ನೊಣ, ಇರುವೆ, ಇಲಿ, ಹಲ್ಲಿ. ಕೊನೆಯಲ್ಲಿ ಪುಟ್ಟತಾಯಮ್ಮನ ದುಂಡು ಅಕ್ಷರದಲ್ಲಿ, 'ನಮ್ಮ ಯಜಮಾನ್ರು'. ಅಷ್ಟಕ್ಕೇ ಸಮಾಧಾನವಾಗದೆ, ಕೆಂಪು ಬಾಣ ಎಳೆದು ನನ್ನನ್ನು ರೇಷ್ಮೆಹುಳುವಿನ ಪರಮ ವೈರಿಯಾದ ಊಜಿ ನೊಣಕ್ಕಿಂತ ಮೇಲಕ್ಕೆ ಏರಿಸಿದ್ದಾಳೆ.

ಬದುಕಿನಲ್ಲಿ ಯಾವುದಾದರೊಂದು ಪಟ್ಟಿಯಲ್ಲಿ ನಾನು ಮೊದಲಿಗನಾದದ್ದು ಇದೇ!