ಪಂಚಮಿಗೆ ಹಾಯಿದೋಣಿ

ಮೂಡಲಗಿಯಲ್ಲಿ ಎಮ್ಮೆ ದಲ್ಲಾಳಿಯಾಗಿದ್ದು, ಮೊಣಕಾಲುದ್ದದ ನೀರಿಗೂ ಹೆದರುವ ಮನುಷ್ಯನೊಬ್ಬ ಇಡೀ ಸಂಸಾರವನ್ನು ನೀರಿನಲ್ಲಿ ಮುಳುಗಿಸಲು ಹೊರಟರೆ ಅವನನ್ನು ನೀವು ಏನೆಂದು ಕರೆಯುತ್ತೀರಿ? ನಾವು ಕಾಕಾ ಎಂದು ಕರೆಯುತ್ತಿದ್ದೆವು. ಬೇರೆ ಹೆಸರುಗಳೂ ಬಾಯಿಗೆ ಬರುತ್ತಿದ್ದವು, ಸಂಬಂಧ ಅಡ್ಡ ಬರುತ್ತಿತ್ತು.

ಟಿವಿ ಹೊಸದಾಗಿ ಮನೆಗೆ ಬಂದಿದ್ದ ಕಾಲ. ಅದರಲ್ಲಿ ಬಿಳಿ ಹಾಯಿದೋಣಿಯೊಂದು ನಡುಗಡ್ಡೆಯಿಂದ ನಡುಗಡ್ಡೆಗೆ ಹೋಗುವುದನ್ನು ಕಂಡು ಅವನ ಹೆಂಡತಿ, ನಮ್ಮ ಕಾಕಿ, "ಅಂಥಾದ್ರಾಗ ಕುಂತ್ರ ಎಲ್ಲಿಗರೆ ಹೋಗಬಹುದಲ್ರಿ" ಅಂದಳಂತೆ. ಪಂಚಮಿಗೆ ಓಣಿಯ ಹೆಂಗಸರೆಲ್ಲ ತವರಿಗೆ ಹೋದರೆ ಕಾಕಿ ಒಬ್ಬಳೇ ಮನೆಯಲ್ಲಿ ಉಂಡಿ ಕಟ್ಟುತ್ತ ಕೂರುತ್ತಿದ್ದಳು. ಹೋಗಲು ಆಕೆಗೆ ತವರಿರಲಿಲ್ಲ. ಕಾಕಾ ಅಲ್ಲೇ ಮಾತು ಕೊಟ್ಟುಬಿಟ್ಟ: ಈ ಪಂಚಮಿಗೆ ಹಾಯಿದೋಣಿ, ನಡುಗಡ್ಡೆ, ಎಲ್ಲರೂ ಕೂಡಿ. ಮಾತು ಅವನದು, ಹಾಳಾದದ್ದು ನನ್ನ ರಜೆ.

ದೋಣಿ ಗೊತ್ತು ಮಾಡಲು ಗೋಕಾಕದಿಂದ ನನ್ನನ್ನು ಎಳೆದುಕೊಂಡು ಗೋವಾಕ್ಕೆ ಹೋದ. ಅಲ್ಲಿ ಶೆಡ್ಡಿನಲ್ಲಿ ನಿಂತಿದ್ದ ದೋಣಿಯ ಸುತ್ತ ಒಂದು ಸುತ್ತು ಬಂದ, ಬೆನ್ನು ತಟ್ಟಿದ, ಹಲ್ಲು ನೋಡಲು ಬಾಯಿ ಎಲ್ಲಿದೆ ಎಂದು ಹುಡುಕಿದ. ಆಮೇಲೆ ಹೆಗಲ ಮೇಲಿನ ಟವೆಲ್ಲನ್ನು ಮಾಲೀಕನ ಕೈ ಮೇಲೆ ಹೊದಿಸಿ, ಅದರೊಳಗೆ ಅವನ ಬೆರಳು ಒತ್ತತೊಡಗಿದ. ಎಮ್ಮೆ ಸಂತೆಯಲ್ಲಿ ರೇಟು ಹೀಗೇ ಕುದುರುವುದು ಎಂದು ಆ ಪುಣ್ಯಾತ್ಮನಿಗೆ ಹೇಗೆ ಗೊತ್ತಾಗಬೇಕು? ಕೈ ಕಿತ್ತುಕೊಂಡು ಮೊದಲು ಉಂಗುರ ಇದೆಯೇ ನೋಡಿಕೊಂಡ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ದೀಪಾವಳಿಗೆ ಬನ್ನಿ ಎಂದು ಬಾಗಿಲು ಹಾಕಿದ.

"ಮುಗೀತಲ್ಲ ಕಾಕಾ?" ಎಂದೆ ಆಸೆಯಿಂದ.

"ದೀಪಾವಳಿ ಯಾರಿಗೆ ಬೇಕೋ ತಮ್ಮಾ? ಪಂಚಮಿಗೆ ಆಗಬೇಕ."

ವಾರದ ಮೇಲೆ ಫೋನ್ ಬಂತು. "ದೋಣಿ ಗೊತ್ತಾತು."

"ಎಲ್ಲಿ?"

"ನೀರಾಗ."

ನನ್ನ ಹೆಂಡತಿ ಗೋವಾ ಎಂದೇ ನಂಬಿ ಕಪ್ಪು ಕನ್ನಡಕ ಕೊಂಡಳು. ಪಂಚಮಿಯ ದಿನ ಸಂಸಾರವೆಲ್ಲ ತುಂಬಿದ ಟ್ರ್ಯಾಕ್ಸು ಇನ್ನೇನು ಹತ್ತರಗಿಯ ಹೆದ್ದಾರಿ ಸೇರಬೇಕು ಎನ್ನುವಾಗ ಮಣ್ಣಿನ ದಾರಿಗೆ ಇಳಿಯಿತು. ಮುಂದೆ ಕಂಡದ್ದು ಹಿಡಕಲ್ ಡ್ಯಾಮಿನ ಹಿನ್ನೀರು! ದಂಡೆಯಲ್ಲಿ ಮೀನು ಹಿಡಿಯುವ ದೋಣಿ. ಅದರ ನಡುವೆ ಬಿದಿರು ಗಳ. ಗಳಕ್ಕೆ ಹಾಯಿಯಾಗಿ ಕಾಕಾನ ಮನೆಯ, ಗೋವಿನಜೋಳ ಒಣಗಿಸುವ ತಾಡಪಾಲು. ಹೆಂಡತಿ ಕನ್ನಡಕ ತೆಗೆದು ನನ್ನನ್ನು ನೋಡಿದಳು. ಆ ನೋಟಕ್ಕಿಂತ ಮುಳುಗುವುದೇ ವಾಸಿ ಎನಿಸಿ ದೋಣಿ ಹತ್ತಿದೆ.

ಗಾಳಿ ಬಂದಾಗ ತಾಡಪಾಲು ಉಬ್ಬಿ ದೋಣಿ ಇದ್ದಲ್ಲೇ ಗಿರಕಿ ಹೊಡೆಯಿತು. ಗಾಳಿ ನಿಂತಾಗ ನಾವೂ ನಿಂತೆವು. ಕೊನೆಗೆ ದೋಣಿಯವನೇ ಹುಟ್ಟು ಹಾಕಬೇಕಾಯಿತು. ಮಳೆ ಮಾತ್ರ ನಿಲ್ಲಲಿಲ್ಲ. ಮೊದಲ ನಡುಗಡ್ಡೆಯಲ್ಲಿ ಬರೀ ಕೆಸರು, ಎರಡನೆಯದರಲ್ಲಿ ಜಾಲಿಮುಳ್ಳು. ಕಾಕಾ ಕಣ್ಣು ಗಟ್ಟಿ ಮುಚ್ಚಿ, ಗಳ ಅಪ್ಪಿಕೊಂಡು ಕುಳಿತಿದ್ದ. ಬದುಕಿ ಮನೆ ಸೇರುವ ಆಸೆಯನ್ನು ನಾನು ಬಿಟ್ಟಿದ್ದೆ.

"ಕಾಕಾ, ಹೊಳ್ಳಿ ಹೋಗೂಣು."

"ಇನ್ನೊಂದ ಐತಿ ತಮ್ಮಾ."

ಆ ಇನ್ನೊಂದು, ನೀರಿನಿಂದ ತಲೆ ಎತ್ತಿದ ಬೋಳು ಗುಡ್ಡ. ದೋಣಿ ತಾಗುವ ಮೊದಲೇ ಕಾಕಿ ಎದ್ದು ನಿಂತಳು. "ಏನ್ರಿ, ಇದು ನಮ್ಮ ಗುಡ್ಡ ಅಲ್ರಿ? ಇದರ ಬುಡಕ ನಮ್ಮ ಮನಿ ಇತ್ತು." ಡ್ಯಾಮು ಕಟ್ಟಿದಾಗ ಮುಳುಗಿದ ಹಳ್ಳಿಗಳಲ್ಲಿ ಅವಳ ತವರೂ ಒಂದು ಎಂಬುದನ್ನು ನಾವೆಲ್ಲ ಮರೆತೇ ಬಿಟ್ಟಿದ್ದೆವು.

ಕಾಕಾ ನಡುಗುತ್ತಲೇ ಇಳಿದು ಟವೆಲ್ಲಿನ ಗಂಟು ಬಿಚ್ಚಿದ. ಅದೇ ಟವೆಲ್ಲು. ಒಳಗೆ ಕುಬಸದ ಕಣದ ಬಟ್ಟೆ, ಕೊಬ್ಬರಿ ಬಟ್ಟಲು, ಅರಿಷಿಣ ಕುಂಕುಮ, ಜೋಳ. ತವರಿನಿಂದ ಹೊರಡುವ ಮಗಳಿಗೆ ತುಂಬುವ ಉಡಿ.

"ಕಾಕಾ, ಗಂಡಸರು ಉಡಿ ತುಂಬೂದಿಲ್ರಿ," ಎಂದಳು ನನ್ನ ಹೆಂಡತಿ ಮೆಲ್ಲಗೆ.

"ಗೊತ್ತೈತವ್ವಾ. ಇಲ್ಲಿ ತುಂಬವ್ರು ಯಾರ ಉಳದಾರ?"

ಕಾಕಿ ಮಳೆಯಲ್ಲೇ ಸೆರಗು ಒಡ್ಡಿದಳು. ಅವನು ಎರಡೂ ಕೈಯಲ್ಲಿ ತುಂಬುತ್ತಲೇ ಇದ್ದ.

"ಸಾಕ್ರಿ," ಎಂದಳು ಕಾಕಿ, "ನಮ್ಮವ್ವನೂ ಇಷ್ಟ ತುಂಬತಿರ್ಲಿಲ್ಲ."

ಕಾಕಾ ಇನ್ನೊಂದು ಹಿಡಿ ಜೋಳ ಹಾಕಿದ.