ಹೆಬ್ಬಟ್ಟಿನ ಮಣಿ

ರತ್ನಾಬಾಯಿ: ಒಂದ ಮೊಳಿ ಕೇಳಾಕತ್ತೀನ್ರಿ. ಅಂಗಡಿ ಬರದ ಕೊಡ್ರಿ ಅಂದಿಲ್ಲ.

ರಾಚಪ್ಪ: ಮೊಳಿ ಬಡೀಬೇಕಂದ್ರ ಗ್ವಾಡಿ ಬೇಕು. ಗ್ವಾಡಿ ಎಲ್ಲಿ ಖಾಲಿ ಐತಿ?

ರತ್ನಾಬಾಯಿ: ನಿಮ್ಮ ತಲಿ ಹಿಂದ ಐತಲ್ರಿ, ಗೇಣಷ್ಟ ಜಾಗಾ.

ರಾಚಪ್ಪ: ಅಲ್ಲಿ ನಾ ಒರಗತೇನಿ.

ರಬಕವಿ ಪ್ಯಾಟ್ಯಾಗ ರಾಚಪ್ಪನ ಬಳಿ ಅಂಗಡಿ ಹೊಕ್ಕರ ಮೂರೂ ಕಡೆ ಗ್ವಾಡಿ ಅನ್ನೂದ ಕಾಣಸೂದಿಲ್ಲ, ಬಳೀನ ಕಾಣಸ್ತಾವು. ಅಂಗಡಿ ಹಿಂದ ಮನಿ, ಮನಿ ಹಿಂದ ಹಿತ್ತಲಾ. ಹೋದ ದೀಪಾವಳಿಯಿಂದ ಆ ಹಿತ್ತಲದಾಗ ಅವನ ಹೇಣ್ತಿ ರತ್ನಾಬಾಯಿ ಗಾಜಿನ ಮಣಿ ಮಾಡಾಕ ಹಿಡದಿದ್ಲು. ಸಾಲಿ ಮುಖಾ ನೋಡದಾಕಿ. ಮುಧೋಳಕ್ಕ ಕೊಟ್ಟ ಮಗಳು ರಾಜಶ್ರೀ ತನ್ನ ಹಳೇ ಮೊಬೈಲ್ ಅವ್ವನ ಕೈಯಾಗಿಟ್ಟು, ವಿಡಿಯೋ ಹೆಂಗ ನೋಡೂದಂತ ತೋರಿಸಿ ಹೋಗಿದ್ಲು. ರಾಚಪ್ಪನ ಪ್ರಕಾರ ಮನ್ಯಾಗ ಶಾಂತಿ ಹೋದದ್ದು ಅವತ್ತ. ಅಕಿ ಅಂದಿಂದ ನೋಡೇ ನೋಡಿದ್ಲು, ಮಾಡೇ ಮಾಡಿದ್ಲು, ಈಗ ಮಾಡಿದ ಮಣಿ ಸರಾ ಹಿಡಕೊಂಡು ಅಂಗಡಿಗೇ ಬಂದು ನಿಂತಾಳ.

ರಾಚಪ್ಪ: ನಮ್ಮಪ್ಪ ಸಾಯೂ ಮುಂದ ಏನ ಹೇಳಿದ್ದ? ಈ ಅಂಗಡ್ಯಾಗ ಸುತಗಿ ಮುಟ್ಟಬ್ಯಾಡೋ, ಗ್ವಾಡಿ ಅದರಿದ್ರ ಬಳಿ ಹೆಚ್ಚತಾವು ಅಂದಿದ್ದ.

ರತ್ನಾಬಾಯಿ: ಹೆಚ್ಚಿದ್ರ ಛಲೋ ಅಲ್ರಿ?

ರಾಚಪ್ಪ: ಏ! ಬಳಿಗಾರನ ಹೇಣ್ತಿ ಆಗಿ ಹಿಂಗ ಮಾತಾಡತಿ? ಒಡದಾವು ಅಂತ ಬಾಯಾಗ ಅನಬಾರದಂತ ಹೆಚ್ಚ್ಯಾವು ಅನ್ನೂದು. ಖರೆ ಹೆಚ್ಚತಾವೇನು?

ರತ್ನಾಬಾಯಿ: ನಿಮ್ಮ ಮಂದಿ ಬರೇ ಬಾಯಿಲೆ ಅಂದ್ರಿ. ನಾ ಹೆಚ್ಚ ಮಾಡಿ ತೋರಿಸೇನಿ. ಒಂದ ಬಳಿ ಚೂರಿಗೆ ಮೂರ ಮಣಿ.

ವಾದದಾಗ ಸೋತ್ರ ರಾಚಪ್ಪ ದನೀ ಏರಸ್ತಿದ್ದ. ಓಣಿ ತುಂಬ ಪಾವರಲೂಮು ಖಟಾಖಟ್ ಖಟಾಖಟ್ ಅಂತ ಹೊಡಕೊಳ್ಳೂ ಊರಾಗ ಹುಟ್ಟಿದಾಂವ, ಒದರಿ ಮಾತಾಡೂದು ರೂಢಿ ಆಗಿತ್ತು.

ರಾಚಪ್ಪ: ಬಳಿ ಅಂಗಡ್ಯಾಗ ಕುಂತು ಹೆಚ್ಚಿದ ಬಳೀ ಚೂರ ಮಾರೂದು ಅಪಶಕುನಾ. ಸುಮ್ನ ಒಳಗ ನಡಿ.

ರತ್ನಾಬಾಯಿ: ಚೂರೆಲ್ಲಿ ಅದಾವ್ರಿ? ಕರಗಿ ಮಣಿ ಆಗ್ಯಾವು. ಬಂಗಾರ ಕೆಲಸದ ಪತ್ತಾರ ಶಿದ್ರಾಮಪ್ಪಣ್ಣನ ಕಡೆ ಹಳೇ ಗ್ಯಾಸಿನ ಬರ್ನರ್ ತಂದೆ. ಛತ್ರಿ ಕಡ್ಡಿಗೆ ಬೂದಿ ಮಣ್ಣ ಹಚ್ಚಿ, ಕರಗಿದ ಗಾಜ ಸುತ್ತಿದೆ. ಬಿಸಿ ಬೂದ್ಯಾಗ ಹುಗದಿಟ್ಟು ಆರಿಸಿದೆ. ಎಲ್ಲಾ ಗುರುಗಳು ತೋರಿಸಿದಂಗ.

ರಾಚಪ್ಪ: ಯಾವ ಊರ ಗುರು ಅಂವ?

ರತ್ನಾಬಾಯಿ: ಮೊಬೈಲ್ ಒಳಗಿನಾಂವ.

ರಾಚಪ್ಪ: ಯಾವ ಭಾಷಾ ಮಾತಾಡತಾನ?

ರತ್ನಾಬಾಯಿ: ಯಾಂವಗ್ಗೊತ್ತು. ನಾ ಅವನ ಬಾಯಿ ನೋಡೂದಿಲ್ಲ, ಕೈ ನೋಡತೇನಿ. ಅಂವ ಕಡ್ಡಿ ತಿರುವಿದ್ರ ನಾ ತಿರುವತೇನಿ. ನಡುನಡುವ ಅವನ ಹೇಣ್ತಿ ಬಂದು ತಲಿ ಎರಕೊಂಡ್ರ ನಾನೂ ಎರಕೋತೇನಿ.

ರಾಚಪ್ಪ: ಅವನ ಹೇಣ್ತಿ?

ರತ್ನಾಬಾಯಿ: ಹೇಣ್ತೀನ ಇರಬೇಕು. ಗಾಜ ಕರಗಾಕತ್ತಿದಾಗ ಗಬಕ್ಕನ ಬರತಾಳ, ನೊರಿ ನೊರಿ ಹಚ್ಚಿ ತಲಿ ತೊಳಕೊಂಡು, ಕೂದಲಾ ಝಾಡಿಸಿ ನಕ್ಕು ಹೋಗತಾಳ. ಬೆಂಕಿ ಮುಂದ ಕುಂದರೂ ಹೆಣ್ಣಮಗಳು ಮಡೀಲೆ ಇರಬೇಕಂತ ಅದರ ಅರ್ಥ.

ರಾಚಪ್ಪ: ಅದಕ್ಕ ದಿನಾ ತಲಿ ಎರಕೋತಿ?

ರತ್ನಾಬಾಯಿ: ಹಸೀ ಕೂದಲಕ್ಕ ಬೆಂಕಿ ಹತ್ತೂದಿಲ್ಲ. ಎಷ್ಟ ಶಾಣ್ಯಾ ಗುರು ನೋಡ್ರಿ!

ರಾಚಪ್ಪ ಸರಾ ಕಸಗೊಂಡು ಬೆಳಕಿಗೆ ಹಿಡದ. ಹಸರ, ಕೆಂಪ, ಜೇನ ಬಣ್ಣದ ಮಣಿ. ಮಣಿ ಛಲೋ ಇದ್ವು, ಅದ ಅವನ ಸಿಟ್ಟಿಗೆ ಕಾರಣಾ. ಪ್ರತಿ ಮಣೀ ಮೈಮ್ಯಾಲೆ ಹೆಬ್ಬಟ್ಟಿನ ಗುರುತು ಇತ್ತು, ಗೆರಿ ಸಮೇತ. ಸರದ ಕೆಳಗೊಂದು ಸಣ್ಣ ಗಂಟಿ.

ರಾಚಪ್ಪ: ಈ ಹೆಬ್ಬಟ್ಟ ಯಾಕ?

ರತ್ನಾಬಾಯಿ: ಅದ ಮುಖ್ಯ ಪಾಠಾರಿ. ಮಣಿ ಮುಗಿದ ಮ್ಯಾಲೆ ಪ್ರತಿ ಸಲಾ ಗುರುಗಳು ಹೆಬ್ಬಟ್ಟ ಎತ್ತಿ ತೋರಿಸಿ, ಒತ್ತು ಅಂತ ಸನ್ನಿ ಮಾಡತಾರ. ಆಮ್ಯಾಲೆ ಬೆರಳ ಕೆಳಗ ಮಾಡಿ ಗಂಟಿ ತೋರಸ್ತಾರ. ಮರೀಬಾರದು ಅಂತ ಒಂದ ಸಲಾನೂ ಬಿಡೂದಿಲ್ಲ.

ರಾಚಪ್ಪ: ಅದಕ್ಕ ಅವತ್ತ ಬೆರಳ ಸುಟಗೊಂಡ ಕುಂತಿದ್ದಿ?

ರತ್ನಾಬಾಯಿ: ಮೊದಲ ಸೀದಾ ಒತ್ತಿದೆ, ಚುರ್ರ್ ಅಂತು. ಗುರುಗಳ ಬೆರಳ ಗಟ್ಟಿ ಇರಬೇಕು, ನಂದ ಅಷ್ಟ ಗಟ್ಟಿ ಇಲ್ಲ ಅಂತ ತಿಳಕೊಂಡೆ. ಒಲಿ ಹಾಕೂ ಮಣ್ಣ ನಾದಿ, ಅದರಾಗ ಹೆಬ್ಬಟ್ಟ ಒತ್ತಿ, ಸುಟ್ಟು ಅಚ್ಚ ಮಾಡಿದೆ. ಈಗ ಬಿಸಿ ಗಾಜ ಅದರಾಗ ಒತ್ತಿದ್ರ ಹೆಬ್ಬಟ್ಟ ಎದ್ದ ಬರತೈತಿ.

ರಾಚಪ್ಪ: ಇದನ್ನ ಅಂಗಡ್ಯಾಗ ಯಾಕ ತೂಗಹಾಕಬೇಕು? ಹಿತ್ತಲದಾಗ ಇರಲಿ.

ರತ್ನಾಬಾಯಿ: ಹಿತ್ತಲದಾಗ ಇದ್ರ ಅದು ಹಿತ್ತಲದಾಗಿನ ಆಟಾ ಆಗತೈತಿ. ಇಲ್ಲಿ ತೂಗಿದ್ರ, ಯಾರ ಮಾಡಿದ್ದು ಅಂತ ಮಂದಿ ಕೇಳತಾರ. ನಮ್ಮ ರತ್ನಾಬಾಯಿ ಮಾಡಿದ್ದು ಅಂತ ನಿಮ್ಮ ಬಾಯಿಲೆ ಬರಬೇಕು. ನನಗ ಬೇಕಾದ್ದ ಅದ.

ಕೇಳಿದ್ದು ಅಷ್ಟ ಸಣ್ಣದಿತ್ತು ಅಂತ ರಾಚಪ್ಪಗ ಇನ್ನಷ್ಟ ಸಿಟ್ಟ ಬಂತು. ಎದ್ದ ನಿಂತು, ಪಾವರಲೂಮಿನ ಸಪ್ಪಳದ ಮ್ಯಾಲೆ ಹೋಗೂ ಹಂಗ ಒದರಿದ. ಅದ ಕ್ಷಣಕ್ಕ ಕರೆಂಟ್ ಹೋತು. ಊರ ಮಗ್ಗ ಎಲ್ಲಾ ಗಪ್ಪನ ನಿಂತು, ಪ್ಯಾಟಿ ತುಂಬ ಒಂದ ಮಾತ ಕೇಳಿಸ್ತು:

"ಹೆಬ್ಬಟ್ಟಿನ ಮಂದಿಗೆ ನನ್ನ ಅಂಗಡ್ಯಾಗ ಜಾಗಾ ಇಲ್ಲ!"

ಬಾಗಲದಾಗ ಚಿಮ್ಮಡ ಹಳ್ಳಿ ಕುರಿಗಾರ ಹಾಲಸಿದ್ದಪ್ಪ ನಿಂತಿದ್ದ. ಹೆಗಲ ಮ್ಯಾಲೆ ಕಂಬಳಿ, ಕೈಯಾಗ ಹಗ್ಗ, ಹಗ್ಗದ ತುದಿಗೆ ಟಗರ. ಒಂದ ಕಾಲ ಒಳಗ ಇಟ್ಟಿದ್ದ, ಅದನ್ನ ಹೊರಗ ತಗೊಂಡ.

ಹಾಲಸಿದ್ದಪ್ಪ: ಬರ್ತೇನ್ರಿ ಸಾವಕಾರ.

ರಾಚಪ್ಪ: ಏ ಹಾಲಸಿದ್ದಪ್ಪ, ಬಾರೋ! ನಿನಗ ಅಂದಿಲ್ಲ.

ಹಾಲಸಿದ್ದಪ್ಪ: ಊರಿಗೇ ಕೇಳಿಸೈತಿ. ನಾ ಹೆಬ್ಬಟ್ಟ, ನಮ್ಮಪ್ಪ ಹೆಬ್ಬಟ್ಟ. ಬ್ಯಾಂಕಿನ್ಯಾಗೂ ಒಳಗ ಕರದು ಶಾಯಿ ಹಚ್ಚತಾರ. ನೀವು ಹೊರಗ ಹಾಕತೀರಿ.

ರಾಚಪ್ಪ: ನನ್ನ ಹೇಣ್ತಿಗೆ ಅಂದದ್ದೋ ಮಾರಾಯಾ!

ಹಾಲಸಿದ್ದಪ್ಪ: ಅಕಿಗೆ? ಅಂಗಡ್ಯಾಗ ಅಕಿಗೇ ಜಾಗಾ ಇಲ್ಲಂದ್ರ ನಂದ್ಯಾವ ಲೆಕ್ಕ?

ರತ್ನಾಬಾಯಿ: ಬಾರಣ್ಣಾ, ಕುಂದರು. ಇವರದು ದಿನಾ ಇದ್ದದ್ದ. ಟಗರ ಯಾಕ ಸೊರಗೇತಿ?

ಹಾಲಸಿದ್ದಪ್ಪ ಕುಂತ. ಮಾರಿ ಸಣ್ಣದ ಮಾಡಿದ.

ಹಾಲಸಿದ್ದಪ್ಪ: ದೃಷ್ಟಿ ಆಗೇತಿ ತಂಗಿ. ನನ್ನ ಮಗ ಪರಮೇಶ ಇದರ ವಿಡಿಯೋ ಮಾಡಿ ಮೊಬೈಲಿಗೆ ಹಾಕ್ಯಾನ. ದೇಶಾ ಪರದೇಶಾ ನೋಡ್ಯಾವಂತ. ಊರ ಮಂದಿ ಕಣ್ಣಾದ್ರ ಮೆಣಸಿನಕಾಯಿ ನಿವಾಳಿಸಿ ಒಗೀಬಹುದು. ಕಾಣದಿದ್ದವರ ಕಣ್ಣಿಗೆ ಏನ ಮಾಡೂದು? ಮೇವಿಗೆ ಬಾಯಿ ಹಚ್ಚವಲ್ದು. ದೃಷ್ಟಿ ಮಣಿ ಒಂದ ಕೊಡ್ರಿ ಸಾವಕಾರ.

ರಾಚಪ್ಪ: ತಗೋ, ಈ ನೀಲಿ ಮಣಿ. ಎಲ್ಲಾರೂ ಇದನ್ನ ಒಯ್ಯೂದು.

ಹಾಲಸಿದ್ದಪ್ಪ: ಇದು ಪ್ಲಾಸ್ಟಿಕ್. ನನ್ನ ಟಗರ ತಿಂದ ಬಿಡತೈತಿ.

ರಾಚಪ್ಪ: ಮೇವಿಗೆ ಬಾಯಿ ಹಚ್ಚವಲ್ದು ಅಂದಿ?

ಹಾಲಸಿದ್ದಪ್ಪ: ಮೇವ ತಿನ್ನವಲ್ದು. ಹೋದ ವಾರ ಸೊಸಿ ಪೂನಮ್‌ಳ ಬಾಚಣಿಗಿ ತಿಂದೈತಿ. ಅದೇನ್ರಿ ನಿಮ್ಮ ಕೈಯಾಗ?

ರಾಚಪ್ಪ ಸರಾ ಮುಚ್ಚಿಡಾಕ ಹ್ವಾದ. ಗಂಟಿ ಘಿಣ್ ಅಂತು. ಹೊರಗ ಟಗರ ತಲಿ ಎತ್ತಿ ಎರಡ ಹೆಜ್ಜಿ ಮುಂದ ಬಂತು.

ಹಾಲಸಿದ್ದಪ್ಪ: ನೋಡ್ರಿ! ಅದಕ್ಕ ಮನಸಿಗೆ ಬಂತು. ಎಲ್ಲಿ ಮಾಲ್ ಇದು?

ರತ್ನಾಬಾಯಿ ಗಂಡನ ಮಾರಿ ನೋಡಿದ್ಲು. ರಾಚಪ್ಪನ ಬಾಯಿಗೆ ಖರೆ ಮಾತ ಬಂದಿತ್ತು. ಆದ್ರ ಎದರಿನ ಕಿರಾಣಿ ಅಂಗಡಿ ತಾರವ್ವ ಕಿವಿ ಈ ಕಡೆ ಮಾಡಿ ಕುಂತಿದ್ಲು.

ರಾಚಪ್ಪ: ಪರದೇಶದ್ದು.

ಹಾಲಸಿದ್ದಪ್ಪ: ಹಂಗಾರ ಬ್ಯಾಡ.

ರಾಚಪ್ಪ: ಯಾಕೋ? ಭಾರೀ ಮಾಲು!

ಹಾಲಸಿದ್ದಪ್ಪ: ಪರದೇಶದವರ ನೋಡಿ ದೃಷ್ಟಿ ಆಗೇತಿ ಅನ್ನಾಕತ್ತೇನಿ, ಅವರ ಮಣೀನ ಕಟ್ಟಂತೀರಲ್ಲ! ನಮ್ಮ ಕೈಲೆ ಮಾಡಿದ್ದು ಬೇಕು.

ರಾಚಪ್ಪ ತಲಿ ಕೆರಕೊಂಡ. ಆಮ್ಯಾಲೆ ಗಡಿಬಿಡೀಲೆ, ಯಾರಿಗೂ ಕೇಳಸಬಾರದಂಗ ಅಂದ.

ರಾಚಪ್ಪ: ಇಕಿನ ಮಾಡ್ಯಾಳ.

ತಾರವ್ವ (ಎದರಿನ ಅಂಗಡಿಯಿಂದ): ಏನಂದ್ರೀ ರಾಚಪ್ಪಣ್ಣಾ? ಕೇಳಿಸ್ಲಿಲ್ಲ!

ರಾಚಪ್ಪ: ನಿಂದ ನೀ ನೋಡಕೊ ತಾರವ್ವಾ! ನಮ್ಮ ರತ್ನಾಬಾಯಿ ಮಾಡ್ಯಾಳ ಅಂದೆ! ಗಾಜಿನ ಮಣಿ! ಸಾಕೇನು?

ಸಾಕಾಗಿತ್ತು. ಕರೆಂಟ್ ಇಲ್ಲದ ಪ್ಯಾಟ್ಯಾಗ ಆ ಮಾತ ಬನಹಟ್ಟಿ ಹಾದೀತನಕ ಹೋತು. ರತ್ನಾಬಾಯಿ ಸೆರಗ ಸರಿ ಮಾಡಿಕೊಂಡ್ಲು. ಒಳಗ ಎಷ್ಟ ಖುಷಿ ಆಗಿತ್ತೋ ಅಷ್ಟ ಗಂಭೀರ ಮಾರಿ ಮಾಡಿದ್ಲು.

ಹಾಲಸಿದ್ದಪ್ಪ: ನೀ ಮಾಡಿದ್ದಾ ತಂಗಿ? ಭೇಷ್! ಈ ಹೆಬ್ಬಟ್ಟ ಯಾಕ ಇಟ್ಟಿ?

ರತ್ನಾಬಾಯಿ: ವಿಡಿಯೋದಾಗ ಗುರುಗಳು ಕಲಿಸಿದ್ದಣ್ಣಾ. ಕಡೀಕ ಹೆಬ್ಬಟ್ಟ ತೋರಿಸಿ ಒತ್ತು ಅಂತ ಸನ್ನಿ ಮಾಡತಾರ, ಆಮ್ಯಾಲೆ ಗಂಟಿ ತೋರಸ್ತಾರ.

ಹಾಲಸಿದ್ದಪ್ಪ ಮಣಿ ಕೆಳಗಿಟ್ಟ. ಗಂಟಲಾ ಸರಿ ಮಾಡಿಕೊಂಡ.

ಹಾಲಸಿದ್ದಪ್ಪ: ತಂಗಿ, ಸಿಟ್ಟಿಗೇಳಬ್ಯಾಡ. ಅದು ಪಾಠ ಅಲ್ಲ.

ರತ್ನಾಬಾಯಿ: ಮತ್ತ?

ಹಾಲಸಿದ್ದಪ್ಪ: ನಮ್ಮ ಟಗರಿನ ವಿಡಿಯೋದಾಗ ಅದನ್ನ ನಾನ ತೋರಸ್ತೇನಿ. ವಿಡಿಯೋ ಮನಸಿಗೆ ಬಂದಿದ್ರ ಮೊಬೈಲಿನ ಮ್ಯಾಲಿನ ಹೆಬ್ಬಟ್ಟ ಒತ್ತ್ರಿ ಅಂತ. ಅದಕ್ಕ ಲೈಕ್ ಅಂತಾರ. ಗಂಟಿ ಒತ್ತಿದ್ರ ಮುಂದಿನ ವಿಡಿಯೋ ಬಂದಾಗ ತಿಳಿಸ್ತಾರ. ಎಲ್ಲಾರೂ ಹಂಗ ಅಂತಾರ ತಂಗಿ. ಮಣಿಗೂ ಅದಕ್ಕೂ ಸಂಬಂಧಿಲ್ಲ.

ರತ್ನಾಬಾಯಿ ಸರದಾಗಿನ ಒಂದೊಂದ ಮಣಿ ತಿರುವಿ ನೋಡಿದ್ಲು. ಇಷ್ಟ ದಿನಾ ರಾಚಪ್ಪ ಇಂಥಾದ್ದೊಂದು ಗಳಿಗೀಗೆ ಕಾದಿದ್ದ. ನಗಬೇಕಂತ ಬಾಯಿ ತಗದ, ನಗಿ ಬರಲಿಲ್ಲ. ಹೇಣ್ತಿ ಹೆಬ್ಬಟ್ಟಿನ ಮ್ಯಾಲಿನ ಸುಟ್ಟ ಕಲೆ ಕಾಣಸ್ತು.

ರತ್ನಾಬಾಯಿ: ಅಂದ್ರ ಗುರುಗಳ ಮಣಿ ಮ್ಯಾಲೆ ಹೆಬ್ಬಟ್ಟ ಇಲ್ಲ?

ಹಾಲಸಿದ್ದಪ್ಪ: ಇರೂದಿಲ್ಲ.

ರತ್ನಾಬಾಯಿ: ಗಂಟಿ?

ಹಾಲಸಿದ್ದಪ್ಪ: ಅದೂ ಇಲ್ಲ.

ರತ್ನಾಬಾಯಿ: ನಡುವ ಒಬ್ಬಾಕಿ ಬಂದು ನೊರಿ ಹಚ್ಚಿ ತಲಿ ಎರಕೊಳ್ಳೂದು?

ಹಾಲಸಿದ್ದಪ್ಪ: ಅದು ಶಾಂಪೂದ ಜಾಹೀರಾತು.

ರಾಚಪ್ಪ: ಶಾಂಪೂ ಹೋಗಲಿ ಬಿಡೋ! ಈ ಮಣ್ಣಿನ ಅಚ್ಚಿನ್ಯಾಗ ಹೆಬ್ಬಟ್ಟ ಎಬ್ಬಸೂ ಉಪಾಯ ಅವನ್ಯಾರೋ ಹೇಳಿಕೊಟ್ಟಿಲ್ಲ ಅಂದ್ರ ಯಾರ ಹೇಳಿಕೊಟ್ರು?

ಹಾಲಸಿದ್ದಪ್ಪ: ಯಾರೂ ಇಲ್ಲ. ತಂಗಿ ತಲ್ಯಾಗಿಂದ ಬಂದದ್ದು.

ತಾ ಹೇಣ್ತೀನ ಹೊಗಳಿದೆ ಅಂತ ರಾಚಪ್ಪಗ ತಿಳಿಯೂದರಾಗ ಮಾತ ಹೊರಗ ಬಿದ್ದಿತ್ತು. ರತ್ನಾಬಾಯಿ ನಿಧಾನಕ ತಲಿ ಎತ್ತಿದ್ಲು.

ರತ್ನಾಬಾಯಿ: ಹಂಗಾರ ಇದು ನನ್ನ ಸಹಿ.

ಹಾಲಸಿದ್ದಪ್ಪ: ನಿನ್ನ ಸಹಿ ಇದ್ದದ್ದ ನನಗ ಬೇಕು. ನಮ್ಮ ಮಂದಿ ಹೆಬ್ಬಟ್ಟ. ಊರಾಗ ಯಾವ ಟಗರಿನ ಕೊರಳಾಗೂ ಇಂಥಾದ್ದಿಲ್ಲ.

ರತ್ನಾಬಾಯಿ: ಕೊಡತೇನಿ. ಆದ್ರ ಕೈಯಾಗಿಂದ ಕೊಡೂದಿಲ್ಲ. ಅಂಗಡಿ ಮೊಳಿಗೆ ತೂಗಹಾಕಿ, ಅಲ್ಲಿಂದ ತಗದ ಕೊಡತೇನಿ. ಏನ್ರೀ?

ರಾಚಪ್ಪ ಹೊರಗ ನೋಡಿದ, ಟಗರ ಅವನ್ನ ನೋಡಾಕತ್ತಿತ್ತು. ಎದರಿಗೆ ನೋಡಿದ, ತಾರವ್ವ ನೋಡಾಕತ್ತಿದ್ಲು. ಸತ್ತ ಅಪ್ಪನ್ನ ಮನಸಿನ್ಯಾಗ ನೆನೆಸಿ, ಗಾದಿ ಕೆಳಗಿಂದ ಸುತಗಿ ತಗದ. ಇಷ್ಟ ವರ್ಷ ಮುಟ್ಟಬಾರದ ಸುತಗಿ ಅಂವ ಅಲ್ಲೇ ಇಟಗೊಂಡಿದ್ದ. ತಾ ಒರಗೂ ಜಾಗಾದಾಗ ಮೊಳಿ ಹಿಡದ.

ರತ್ನಾಬಾಯಿ: ಸಾವಕಾಶ್ರೀ.

ರಾಚಪ್ಪ: ನನಗ ಕಲಸಾಕ ಬರಬ್ಯಾಡ. ಮೊಳಿ ಬಡಿಯಾಕ ಯಾವ ವಿಡಿಯೋನೂ ಬೇಕಾಗಿಲ್ಲ.

ಸುತಗಿ ಎತ್ತಿದ. ಕರೆಂಟ್ ಬಂತು. ಊರ ಮಗ್ಗ ಎಲ್ಲಾ ಒಮ್ಮೆಲೆ ಖಟ್ ಅಂತ ಎದ್ವು. ರಾಚಪ್ಪ ಬೆಚ್ಚಿದ, ಸುತಗಿ ಮೊಳಿ ಬಿಟ್ಟು ಬೆರಳಿಗೆ ಬಿತ್ತು. ಗ್ವಾಡಿ ಅದರಿ ಮ್ಯಾಲಿನ ಸಾಲಿನ ಬಳಿ ಜಲ್ಲನ ಕೆಳಗ ಬಂದ್ವು.

ರತ್ನಾಬಾಯಿ ಮೊದಲ ಓಡಿ ಗಂಡನ ಬೆರಳ ನೋಡಿದ್ಲು, ಮುರದಿಲ್ಲಂತ ಖಾತ್ರಿ ಮಾಡಿಕೊಂಡ್ಲು. ಆಮ್ಯಾಲೆ ಕುಂತು ಚೂರ ಆರಿಸಿ ಪರಾತದಾಗ ಹಾಕಾಕತ್ತಿದ್ಲು.

ರತ್ನಾಬಾಯಿ: ಭಾಳ ಹೆಚ್ಚ್ಯಾವು ಬಿಡ್ರಿ. ಒಂದ ಮೊಳಿ ಸಾಲೂದಿಲ್ಲ ಈಗ.

ರಾಚಪ್ಪ ಕಣ್ಣಾಗ ನೀರ ತುಂಬಿಕೊಂಡು, ಉಳದ ಬೆರಳ ಮಡಿಚಿ, ಕೆಂಪಗ ಉಬ್ಬಿದ ಹೆಬ್ಬಟ್ಟ ಒಂದನ್ನ ಮ್ಯಾಲೆ ಎತ್ತಿ ಹಿಡಕೊಂಡು ನಿಂತಿದ್ದ.

ಹಾಲಸಿದ್ದಪ್ಪ (ಮಗ್ಗದ ಸಪ್ಪಳದಾಗ ಒದರಿ): ನೋಡ ತಂಗೀ! ಸಾವಕಾರ್ರು ಲೈಕ್ ಕೊಟ್ರು!

ರತ್ನಾಬಾಯಿ ತಲಿ ಎತ್ತಿ, ಪೂರಾ ನೋಡಿ, ಮತ್ತ ಚೂರ ಆರಿಸಾಕ ಬಗ್ಗಿದ್ಲು.

ರತ್ನಾಬಾಯಿ: ಕಂಡೆ ಅಣ್ಣಾ. ಇನ್ನ ಅವರಿಗೆ ಗಂಟಿ ಒಂದ ಕಟ್ಟೂದ ಉಳದೈತಿ.